‘ಸ್ಪೇರ್ ಪಾರ್ಟ್ಸ್’ ಧ್ವನಿನಾಟಕ: ಸೈಬರ್‌ಮನ್‌ಗಳು ಹುಟ್ಟಿದ ಕಥೆಯಲ್ಲಿ ಖಳರು ಯಾರು?

ಬಾನುಲಿಪ್ರಿಯೆ:

ಕಥೆಯ ಮುಖ್ಯ ತಿರುವುಗಳೆಲ್ಲ ಈ ಚರ್ಚೆಯಲ್ಲಿ ಬರುತ್ತವೆ. ನಾಟಕವನ್ನು ಇನ್ನೂ ಕೇಳದವರು ಮೊದಲು ಅದನ್ನು ಕೇಳಿ, ಆಮೇಲೆ ಇಲ್ಲಿಗೆ ಬರಬೇಕೆಂದು ವಿನಂತಿ.

ಬಿಗ್ ಫಿನಿಶ್ ಸಂಸ್ಥೆಯು 2002ರ ಜುಲೈಯಲ್ಲಿ ಹೊರತಂದ ‘ಸ್ಪೇರ್ ಪಾರ್ಟ್ಸ್’ ಎಂಬ ಧ್ವನಿನಾಟಕವನ್ನು ಕಳೆದ ವಾರ ಮೊದಲ ಬಾರಿಗೆ ಪೂರ್ತಿಯಾಗಿ ಕೇಳಿದೆ. ಕಾಲದಲ್ಲಿ ಪಯಣಿಸುತ್ತ, ಸಾವಿನಂಚಿನಲ್ಲಿ ಹೊಸ ರೂಪ ತಾಳುವ ‘ಡಾಕ್ಟರ್’ ಎಂಬಾತನ ಸಾಹಸಗಳನ್ನು ಹೇಳುವ ಬಿಬಿಸಿಯ ‘ಡಾಕ್ಟರ್ ಹೂ’ ಮಾಲಿಕೆಗೆ ಸೇರಿದ ಈ ನಾಲ್ಕು ಕಂತುಗಳ ನಾಟಕವನ್ನು ಬರೆದವರು ಮಾರ್ಕ್ ಪ್ಲಾಟ್, ನಿರ್ದೇಶಿಸಿದವರು ಗ್ಯಾರಿ ರಸೆಲ್. ಐದನೆಯ ಡಾಕ್ಟರ್ ಆಗಿ ಪೀಟರ್ ಡೇವಿಸನ್, ಡಾಕ್ಟರ್‌ರ ಪಯಣದ ಜೊತೆಗಾತಿ ನಿಸ್ಸಾ ಆಗಿ ಸಾರಾ ಸಟನ್ ದನಿ ಕೊಟ್ಟಿದ್ದಾರೆ. ಸೂರ್ಯನಿಂದ ದೂರ ಸರಿದು ಕತ್ತಲಲ್ಲಿ ತೇಲುತ್ತಿರುವ ಮೊಂಡಾಸ್ ಎಂಬ ಗ್ರಹದಲ್ಲಿ, ನೆಲದಡಿಯ ಒಂದು ನಗರದೊಳಗೆ ಉಳಿದಿರುವ ಕೊನೆಯ ಜನರು ಹೇಗೆ ಒಂದೊಂದೇ ಅಂಗವನ್ನು ಯಂತ್ರಕ್ಕೆ ಒಪ್ಪಿಸುತ್ತ ಸೈಬರ್‌ಮನ್‌ಗಳಾದರು ಎಂಬುದೇ ಕಥಾವಸ್ತು.

ರಾತ್ರಿ ಅಡುಗೆಮನೆಯ ಕೆಲಸ ಮುಗಿಸುವಾಗ ಕಿವಿಗೆ ಇಯರ್‌ಫೋನ್ ಹಾಕಿಕೊಂಡು ಏನಾದರೂ ಕೇಳುವುದು ನನ್ನ ರೂಢಿ. ಇವೋನ್ ಹಾರ್ಟ್ಲಿ ಮನೆಗೆ ಮರಳುವ ದೃಶ್ಯ ಬಂದಾಗ ನಾನು ಪಾತ್ರೆ ತೊಳೆಯುತ್ತಿದ್ದೆ. ಗ್ರಹದ ಹೊರಮೈಯಲ್ಲಿ ದುಡಿಯುವ ತಂಡಕ್ಕೆ ಆಕೆಗೆ ಕರೆ ಬಂದಿರುತ್ತದೆ, ಮನೆಯವರು ಕಳುಹಿಸಿಕೊಟ್ಟಿರುತ್ತಾರೆ. ಅರ್ಧ ಮಾತ್ರ ಪರಿವರ್ತನೆಯಾದ ದೇಹವನ್ನು ಹೊತ್ತು ಆಕೆ ತನ್ನ ಮನೆಯ ದಾರಿಯನ್ನು ತಾನೇ ಹುಡುಕಿಕೊಂಡು ಬರುತ್ತಾಳೆ. ಮನೆಯೊಳಗೆ ಹಬ್ಬಕ್ಕೆಂದು ಅಲಂಕರಿಸಿದ ಮರವಿದೆ, ತಮ್ಮನಿದ್ದಾನೆ, ಅಪ್ಪನಿದ್ದಾನೆ. ಬಂದವಳು ಯಾರೆಂದು ಅಪ್ಪನಿಗೆ ಗೊತ್ತಾಗುತ್ತದೆ. ನಾನು ನಲ್ಲಿ ನಿಲ್ಲಿಸಿದೆ. ಕೈಯಲ್ಲಿದ್ದ ತಟ್ಟೆಯ ಸೋಪಿನ ನೊರೆ ಒಣಗುವವರೆಗೂ ಹಾಗೆಯೇ ನಿಂತಿದ್ದೆ.

ನನಗೆ ಕೇಳಬೇಕೆನಿಸಿರುವ ಪ್ರಶ್ನೆಗಳು ಎರಡು. ಈ ಕಥೆಯಲ್ಲಿ ಖಳರೆಂದು ಯಾರನ್ನು ಕರೆಯಬೇಕು? ಮತ್ತು ಇದೇ ದೃಶ್ಯವನ್ನು ಪರದೆಯ ಮೇಲೆ ನೋಡಿದ್ದರೆ ಇಷ್ಟು ತಟ್ಟುತ್ತಿತ್ತೇ?

ನೀಲಿಪೆಟ್ಟಿಗೆ:

ಬಾನುಲಿಪ್ರಿಯೆ ಅವರೇ, ನಿಮ್ಮ ಪ್ರಶ್ನೆಗೆ ಬರುವ ಮೊದಲು ಈ ಕಥೆ ಎಲ್ಲಿಂದ ಬಂತು ಎಂಬುದನ್ನು ಹೇಳಬೇಕು, ಏಕೆಂದರೆ ಪ್ಲಾಟ್ ಅವರು ಮಾಡಿದ ಕೆಲಸದ ಬೆಲೆ ತಿಳಿಯುವುದು ಅದರ ಹಿನ್ನೆಲೆಯಲ್ಲಿಯೇ.

ಸೈಬರ್‌ಮನ್‌ಗಳು ಮೊದಲು ಕಾಣಿಸಿಕೊಂಡದ್ದು 1966ರ ಅಕ್ಟೋಬರ್‌ನಲ್ಲಿ ಬಿಬಿಸಿ ಪ್ರಸಾರ ಮಾಡಿದ ‘ದಿ ಟೆಂತ್ ಪ್ಲಾನೆಟ್’ ಕಥೆಯಲ್ಲಿ. ಅದನ್ನು ರೂಪಿಸಿದ ಇಬ್ಬರಲ್ಲಿ ಗೆರಿ ಡೇವಿಸ್ ಕಥಾ ಸಂಪಾದಕರಾಗಿದ್ದರು, ಕಿಟ್ ಪೆಡ್ಲರ್ ವೈದ್ಯಕೀಯ ಸಂಶೋಧಕರಾಗಿದ್ದರು. ಕೆಟ್ಟುಹೋದ ಅಂಗದ ಜಾಗದಲ್ಲಿ ಬೇರೊಂದನ್ನು ಕೂರಿಸುವ ಶಸ್ತ್ರಚಿಕಿತ್ಸೆಯ ಬಗ್ಗೆ ಆಗ ಬಹಳ ಮಾತು ನಡೆಯುತ್ತಿತ್ತು. ಮನುಷ್ಯನ ಮೊದಲ ಹೃದಯ ಕಸಿ ನಡೆದದ್ದು ಮರುವರ್ಷದ, ಅಂದರೆ 1967ರ, ಡಿಸೆಂಬರ್‌ನಲ್ಲಿ. ಹೀಗೆ ಒಂದೊಂದನ್ನೇ ಬದಲಿಸುತ್ತ ಹೋದರೆ ಮನುಷ್ಯ ಎಲ್ಲಿಯವರೆಗೆ ಮನುಷ್ಯನಾಗಿ ಉಳಿಯುತ್ತಾನೆ ಎಂಬ ಪೆಡ್ಲರ್ ಅವರ ಆತಂಕವೇ ಈ ಪಾತ್ರಗಳಾಗಿ ಬಂತು. ದೇಹ ಮತ್ತು ಯಂತ್ರ ಬೆರೆತ ಜೀವಿಯನ್ನು ಸೂಚಿಸುವ ಸೈಬೋರ್ಗ್ ಎಂಬ ಪದವೂ ಆಗ ಹೊಸದು. ಅದನ್ನು 1960ರಲ್ಲಿ ಮ್ಯಾನ್‌ಫ್ರೆಡ್ ಕ್ಲೈನ್ಸ್ ಮತ್ತು ನೇಥನ್ ಕ್ಲೈನ್ ಎಂಬ ಇಬ್ಬರು ಬಾಹ್ಯಾಕಾಶ ಪಯಣದ ಸಂದರ್ಭದಲ್ಲಿ ಟಂಕಿಸಿದ್ದರು. ನಮ್ಮಲ್ಲಿ ಸೈಬರ್‌ಮನ್‌ಗಳನ್ನು ‘ಯಂತ್ರಮಾನವ’ ಎಂದು ಬರೆಯುವುದನ್ನು ಕಂಡಾಗಲೆಲ್ಲ ನನಗೆ ಕಸಿವಿಸಿಯಾಗುತ್ತದೆ. ಯಂತ್ರಮಾನವ ಹುಟ್ಟಿನಿಂದಲೇ ಯಂತ್ರ, ಸೈಬರ್‌ಮನ್ ಹಾಗಲ್ಲ. ಅವನಿಗೊಬ್ಬಳು ತಾಯಿ ಇದ್ದಳು.

1966ರ ಸೈಬರ್‌ಮನ್‌ಗಳ ಮುಖಕ್ಕೆ ಬಟ್ಟೆಯ ಮುಸುಕು ಮಾತ್ರ ಇತ್ತು, ಕೈಗಳು ಬರಿಯ ಮನುಷ್ಯರ ಕೈಗಳಾಗಿದ್ದವು. ಅವರಿಗೆ ಕ್ರೈಲ್, ಟ್ಯಾಲನ್, ಕ್ರಾಂಗ್ ಎಂಬ ಹೆಸರುಗಳೂ ಇದ್ದವು. ಮುಂದಿನ ಕಥೆಗಳಲ್ಲಿ ಹೆಸರು ಹೋಯಿತು, ಕೈ ಹೋಯಿತು, ಬೆಳ್ಳಿಯ ಬಣ್ಣದ ಸೈನಿಕರ ಸಾಲು ಉಳಿಯಿತು. ಪ್ಲಾಟ್ ಅವರು ಮತ್ತೆ ಆ ಮೊದಲ ಕೈಗಳತ್ತ ಹೋದರು. ಅವರ ನಾಟಕದ ಸೈಬರ್ ನಾಯಕನಿಗೆ ಜೆಂಗ್ ಎಂಬ ಹೆಸರಿರುವುದು ಈ ಕಾರಣಕ್ಕೇ ಎಂದು ನಾನು ಓದಿಕೊಳ್ಳುತ್ತೇನೆ.

ಇನ್ನು ಖಳರು ಯಾರೆಂಬ ಪ್ರಶ್ನೆ. ನನ್ನ ಉತ್ತರದಲ್ಲಿ ಅನುಮಾನವಿಲ್ಲ: ನಗರವನ್ನಾಳುವ ಕಮಿಟಿ. ತಾವು ಮೊದಲು ಯಂತ್ರಕ್ಕೆ ಒಪ್ಪಿಸಿಕೊಂಡು, ಹಲವು ಮನಸ್ಸುಗಳು ಒಂದಾಗಿ ಹೋಗಿ, ಆಮೇಲೆ ಇಡೀ ಜನತೆಯನ್ನು ಅದೇ ದಾರಿಗೆ ಎಳೆಯುವವರು ಅವರು.

ಮೈಸೂರು ಸ್ವರ:

ಎರಡನೆಯ ಪ್ರಶ್ನೆಗೆ ನಾನು ಉತ್ತರಿಸಲು ಯತ್ನಿಸುತ್ತೇನೆ, ಏಕೆಂದರೆ ಮಾತು ಮತ್ತು ಶ್ರವಣದ ಚಿಕಿತ್ಸೆ ನನ್ನ ವೃತ್ತಿ.

ಕ್ಯಾನ್ಸರ್‌ನಿಂದಾಗಿ ಗಂಟಲಿನ ಧ್ವನಿಪೆಟ್ಟಿಗೆಯನ್ನು ತೆಗೆಸಿಕೊಂಡವರಲ್ಲಿ ಕೆಲವರು ಕತ್ತಿಗೆ ಒತ್ತಿ ಹಿಡಿಯುವ ಒಂದು ಕಂಪನ ಸಾಧನದ ಸಹಾಯದಿಂದ ಮಾತನಾಡುತ್ತಾರೆ. ಸಾಧನವು ಒಂದೇ ಶ್ರುತಿಯ ಗುಂಯ್‌ಗುಡುವ ಸದ್ದನ್ನು ಒದಗಿಸುತ್ತದೆ, ನಾಲಿಗೆ ಮತ್ತು ತುಟಿಗಳು ಆ ಸದ್ದನ್ನು ಮಾತಾಗಿ ತಿದ್ದುತ್ತವೆ. ಪದಗಳು ಸ್ಪಷ್ಟವಾಗಿ ಬರುತ್ತವೆ. ಬಾರದೆ ಹೋಗುವುದು ಏರಿಳಿತ. ‘ಅಪ್ಪಾ’ ಎಂಬ ಒಂದೇ ಪದವನ್ನು ತೆಗೆದುಕೊಳ್ಳಿ. ಬೀದಿಯಿಂದ ಕೂಗುವಾಗ, ಏನಾದರೂ ಬೇಕೆಂದು ಗೋಗರೆಯುವಾಗ, ಸಿಟ್ಟು ಬಂದಾಗ, ಮಗು ಜ್ವರದಲ್ಲಿ ನರಳುವಾಗ ಆ ಕೊನೆಯ ದೀರ್ಘ ಎಷ್ಟು ಬಗೆಯಲ್ಲಿ ಏಳುತ್ತದೆ, ಬೀಳುತ್ತದೆ! ಅದನ್ನು ಒಂದೇ ಶ್ರುತಿಗೆ ಇಳಿಸಿದರೆ ಅಕ್ಷರ ಉಳಿಯುತ್ತದೆ, ಕರೆದವರು ಯಾವ ಸ್ಥಿತಿಯಲ್ಲಿದ್ದಾರೆ ಎಂಬುದು ಕೇಳುವವರಿಗೆ ತಿಳಿಯದಂತಾಗುತ್ತದೆ. ಹೊಸದಾಗಿ ಸಾಧನ ಹಿಡಿದವರ ಮನೆಯವರು ನಮ್ಮ ಬಳಿ ಬಂದು ಮೊದಲು ಹೇಳುವ ಸಂಕಟವೂ ಇದೇ. ಕೆಲವು ವಾರಗಳಲ್ಲಿ ಅವರು ಮುಖವನ್ನೂ ಕಣ್ಣನ್ನೂ ನೋಡಿ ಅರ್ಥಮಾಡಿಕೊಳ್ಳಲು ಕಲಿಯುತ್ತಾರೆ.

ಧ್ವನಿನಾಟಕದಲ್ಲಿ ನಮಗೆ ಮುಖವೂ ಇಲ್ಲ, ಕಣ್ಣೂ ಇಲ್ಲ. ಆದ್ದರಿಂದ ಇವೋನ್‌ಳ ದನಿ ಬದಲಾದ ಕ್ಷಣದಲ್ಲಿ ಆಕೆಯನ್ನು ಹಿಡಿದುಕೊಳ್ಳಲು ನಮಗಿದ್ದ ಏಕೈಕ ಎಳೆಯೂ ಕೈಬಿಟ್ಟುಹೋಗುತ್ತದೆ. ಪರದೆಯ ಮೇಲಾಗಿದ್ದರೆ ಲೋಹದ ಉಡುಪು ಕಣ್ಣಿಗೆ ಬಿದ್ದ ಕೂಡಲೇ ‘ಇದು ಸೈಬರ್‌ಮನ್’ ಎಂಬ ತೀರ್ಮಾನ ಮನಸ್ಸಿನಲ್ಲಿ ಆಗಿಬಿಡುತ್ತಿತ್ತು. ಇಲ್ಲಿ ಆ ತೀರ್ಮಾನಕ್ಕೆ ಬರಲು ನಮಗೆ ಅಪ್ಪನಷ್ಟೇ ಸಮಯ ಹಿಡಿಯುತ್ತದೆ, ಅವನ ಜೊತೆಯಲ್ಲೇ ನಾವೂ ಆಕೆಯನ್ನು ಗುರುತಿಸುತ್ತೇವೆ.

ದನಿಯ ಇತಿಹಾಸವೂ ಸ್ವಾರಸ್ಯಕರವಾಗಿದೆ. 1966ರ ಕಥೆಯಲ್ಲಿ ದನಿ ಕೊಟ್ಟ ರಾಯ್ ಸ್ಕೆಲ್ಟನ್ ಅವರು ಏರಿಳಿತವನ್ನು ಪೂರ್ತಿ ಬಿಡಲಿಲ್ಲ. ಬದಲಿಗೆ ಏರಬಾರದ ಕಡೆ ಏರಿಸಿ, ಇಳಿಯಬಾರದ ಕಡೆ ಇಳಿಸಿ, ಮಾತನ್ನು ಎಂದೂ ಕೇಳಿರದವನು ಪದಗಳನ್ನು ಜೋಡಿಸಿದಂತೆ ಹಾಡುಹಾಡಾಗಿ ನುಡಿದರು. 1967ರ ‘ದಿ ಮೂನ್‌ಬೇಸ್’ ಹೊತ್ತಿಗೆ ಪೀಟರ್ ಹಾಕಿನ್ಸ್ ಅವರು ಬಾಯಿಯೊಳಗೆ ಕಂಪನ ಉಂಟುಮಾಡುವ ಸಾಧನವನ್ನು ಬಳಸಿದ್ದರಿಂದ ಆ ದನಿ ಒಂದೇ ಸಮನೆಯ ಗುಂಯ್‌ಕಾರವಾಯಿತು. ‘ಸ್ಪೇರ್ ಪಾರ್ಟ್ಸ್’ನಲ್ಲಿ ಸೈಬರ್‌ಮನ್‌ಗಳ ದನಿ ನಿಕೊಲಸ್ ಬ್ರಿಗ್ಸ್ ಅವರದು, ಅವರು ಆರಿಸಿಕೊಂಡದ್ದು 1966ರ ಹಾಡುಗತಿಯನ್ನು. ನನ್ನ ವೃತ್ತಿಯ ಕಿವಿಗೆ ಅದೇ ಹೆಚ್ಚು ಭಯಾನಕ. ಆ ದನಿಯಲ್ಲಿ ಭಾವ ಸತ್ತುಹೋಗಿಲ್ಲ, ಅದು ಸರಿಯಾದ ಜಾಗ ಸಿಗದೆ ತಡಕಾಡುತ್ತಿರುವಂತೆ ಕೇಳುತ್ತದೆ.

ಧಾರವಾಡದ ಕೇಳುಗ:

ಎಲ್ಲರೂ ಮೆಚ್ಚುವ ನಾಟಕದ ಬಗ್ಗೆ ಒಂದಿಷ್ಟು ಭಿನ್ನಾಭಿಪ್ರಾಯ ಹೇಳಲು ಅವಕಾಶ ಕೊಡಬೇಕು. ನಾನೂ ಇದನ್ನು ಮೂರು ಸಲ ಕೇಳಿದ್ದೇನೆ, ಇವೋನ್‌ಳ ದೃಶ್ಯದ ಬಗ್ಗೆ ನನಗೆ ಯಾವ ತಕರಾರೂ ಇಲ್ಲ.

ನನ್ನ ದೊಡ್ಡ ಆಕ್ಷೇಪ ಡಾಕ್ಟರ್‌ರ ದೇಹರಚನೆಯನ್ನು ಮಾದರಿಯಾಗಿ ಬಳಸಿಕೊಳ್ಳುವ ತಿರುವಿನ ಮೇಲೆ. ಪರಿವರ್ತನೆಗೊಂಡವರ ಮನಸ್ಸು ಆಘಾತವನ್ನು ತಾಳಲಾರದೆ ಕುಸಿಯುತ್ತಿರುತ್ತದೆ. ಆ ತೊಡಕಿಗೆ ಪರಿಹಾರ ಸಿಗುವುದು ಡಾಕ್ಟರ್‌ರನ್ನು ಪರೀಕ್ಷಿಸಿ ಅವರ ಮೆದುಳಿನ ರಚನೆಯನ್ನು ಅನುಕರಿಸಿದಾಗ. ಇದರಿಂದ ಏನಾಯಿತು ನೋಡಿ. ಹಸಿವು, ಚಳಿ, ಕಾಯಿಲೆಗಳಿಗೆ ಅಂಜಿ ಒಂದು ಜನಾಂಗ ತಾನೇ ನಡೆದುಹೋದ ದಾರಿ ಎಂದು ಮೂರು ಕಂತುಗಳವರೆಗೆ ಕಟ್ಟಿದ ಕಥೆಯು, ಹೊರಗಿನಿಂದ ಬಂದ ಒಬ್ಬ ಅತಿಥಿಯ ಮೈಯಲ್ಲಿ ತನ್ನ ಕೀಲಿಕೈಯನ್ನು ಇಟ್ಟುಕೊಂಡಿತು. ಮೊಂಡಾಸ್‌ನ ಜನರ ದುರಂತ ಅವರದೇ ಆಗಿ ಉಳಿಯಲಿಲ್ಲ. ಮಾಲಿಕೆಯ ನಾಯಕನನ್ನು ಎಲ್ಲದಕ್ಕೂ ಮೂಲವಾಗಿಸುವ ಈ ಚಟ ಅಭಿಮಾನಿಗಳಿಗೆ ಹಿತವಾಗಿರಬಹುದು, ಕಥೆಗೆ ಒಳ್ಳೆಯದಲ್ಲ.

ಇನ್ನೊಂದು ಮಾತು. ಬೇರೆ ಗ್ರಹ ಎನ್ನುತ್ತಾರೆ, ಕೇಳಿಸುವುದು ಮಾತ್ರ ಯುದ್ಧ ಮುಗಿದ ಮೇಲಿನ 1950ರ ದಶಕದ ಇಂಗ್ಲೆಂಡ್. ಉತ್ತರ ಇಂಗ್ಲೆಂಡಿನ ಮನೆಮಾತು, ಬೆಚ್ಚನೆಯ ಪುಟ್ಟ ಕೋಣೆ, ಪಕ್ಕದ ಮನೆಯ ಮಿಸೆಸ್ ಜಿಂಜರ್, ಕುದುರೆಯ ಮೇಲೆ ಕುಳಿತ ಪೊಲೀಸರು. ಅಲ್ಲಿಯವರಿಗೆ ಅದು ಅಜ್ಜ ಅಜ್ಜಿಯ ಕಾಲದ ನೆನಪು, ತಕ್ಷಣ ಹತ್ತಿರವಾಗುತ್ತದೆ. ನನಗೆ ಮೊದಲ ಕಂತಿನ ಅರ್ಧದವರೆಗೆ ಯಾರು ಯಾರೆಂದು ತಿಳಿಯುವುದರಲ್ಲೇ ಕಳೆಯಿತು.

ಬಾನುಲಿಪ್ರಿಯೆ:

ಧಾರವಾಡದ ಕೇಳುಗರೇ, ಎರಡನೆಯ ಮಾತನ್ನು ಮೊದಲು ಎತ್ತಿಕೊಳ್ಳುತ್ತೇನೆ. ಆ ಇಂಗ್ಲೆಂಡ್ ನನಗೂ ಪರಿಚಿತವಲ್ಲ. ಆದರೆ ಕೆಲಸಕ್ಕೆ ಕರೆ ಬರಲಿ ಎಂದು ಕಾಯುವ ಮಗ ಫ್ರಾಂಕ್, ಆ ಕರೆ ಅವನಿಗೆ ಬಾರದೆ ಅಕ್ಕನಿಗೆ ಬಂದಾಗ ಮನೆಯಲ್ಲಿ ಹರಡುವ ಇಕ್ಕಟ್ಟು, ಮಗಳ ಮೈ ಬಲವಾಗಿಲ್ಲವೆಂದು ಅಪ್ಪನಿಗೆ ಗೊತ್ತಿದ್ದರೂ ಸರ್ಕಾರದ ಮಾತಿಗೆ ಎದುರಾಡಲಾಗದ ಆ ಮೌನ, ಇವುಗಳನ್ನು ಅರ್ಥಮಾಡಿಕೊಳ್ಳಲು ಇಂಗ್ಲೆಂಡ್ ಗೊತ್ತಿರಬೇಕಾಗಿಲ್ಲ. ಬಾನುಲಿ ನಾಟಕ ಕೇಳಿ ಬೆಳೆದವಳು ನಾನು. 1935ರಲ್ಲಿ ಮೈಸೂರಿನ ತಮ್ಮ ಮನೆಯಿಂದಲೇ ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿ ಅವರು ಶುರುಮಾಡಿದ ಕೇಂದ್ರಕ್ಕೆ ಆಕಾಶವಾಣಿ ಎಂಬ ಹೆಸರು ಬಂದು, ಅದೇ ಹೆಸರು ಮುಂದೆ ದೇಶಕ್ಕೆಲ್ಲ ಆದ ನಾಡಿನವರು ನಾವು. ಕಾಣದ ಮನೆಯೊಂದನ್ನು ದನಿಯಿಂದಲೇ ಕಟ್ಟಿಕೊಳ್ಳುವ ಅಭ್ಯಾಸ ನಮ್ಮ ಕಿವಿಗಿದೆ. ಒಂದೆರಡು ದೃಶ್ಯಗಳ ತಾಳ್ಮೆ ಬೇಕು, ಅಷ್ಟೇ.

ನಿಮ್ಮ ಮೊದಲ ಆಕ್ಷೇಪಕ್ಕೆ ಉತ್ತರಿಸುವಷ್ಟು ನನಗೆ ಈ ಮಾಲಿಕೆಯ ಹಿಂದುಮುಂದು ತಿಳಿದಿಲ್ಲ. ತಿಳಿದವರು ಬರೆಯಲಿ.

ನೀಲಿಪೆಟ್ಟಿಗೆ:

ನಾನು ಬರೆಯುತ್ತೇನೆ. ಆ ತಿರುವನ್ನು ಒಂಟಿಯಾಗಿ ನೋಡಿದರೆ ಧಾರವಾಡದ ಕೇಳುಗರು ಹೇಳಿದ್ದು ಸರಿ. ಆದರೆ ಅದನ್ನು ಏಡ್ರಿಕ್‌ನ ಸಾವಿನ ಪಕ್ಕದಲ್ಲಿಟ್ಟು ನೋಡಬೇಕು.

1982ರ ಮಾರ್ಚ್‌ನಲ್ಲಿ ಪ್ರಸಾರವಾದ ‘ಅರ್ಥ್‌ಶಾಕ್’ ಕಥೆಯಲ್ಲಿ, ಇದೇ ಐದನೆಯ ಡಾಕ್ಟರ್‌ರ ಜೊತೆಗಿದ್ದ ಏಡ್ರಿಕ್ ಎಂಬ ಹುಡುಗ ಸೈಬರ್‌ಮನ್‌ಗಳಿಂದಾಗಿ ಸಾಯುತ್ತಾನೆ. ಆ ಕೊನೆಯ ಕಂತಿನ ಹೆಸರುಗಳ ಪಟ್ಟಿ ಸಂಗೀತವೇ ಇಲ್ಲದೆ, ಅವನ ಒಡೆದ ಪದಕದ ಚಿತ್ರದ ಮೇಲೆ ನಿಶ್ಶಬ್ದವಾಗಿ ಸಾಗಿತ್ತು. ‘ಸ್ಪೇರ್ ಪಾರ್ಟ್ಸ್’ ನಡೆಯುವುದು ಅದರ ನಂತರ, ಡಾಕ್ಟರ್ ಮತ್ತು ನಿಸ್ಸಾ ಇಬ್ಬರೇ ಪಯಣಿಸುತ್ತಿದ್ದ ಅವಧಿಯಲ್ಲಿ. ಇದು ಮೊಂಡಾಸ್ ಎಂದು ತಿಳಿದೊಡನೆ ಡಾಕ್ಟರ್‌ಗೆ ಹೊರಟುಬಿಡುವ ಅವಸರ. ಮುಂದೇನಾಗುತ್ತದೆಂದು ಅವರಿಗೆ ಗೊತ್ತು, ಅದನ್ನು ಮುಟ್ಟಬಾರದೆಂದೂ ಗೊತ್ತು. ನಿಸ್ಸಾ ಒಪ್ಪುವುದಿಲ್ಲ. ಈ ಜನರನ್ನು ಈಗ ತಡೆದರೆ ಏಡ್ರಿಕ್ ಸಾಯುವುದೇ ಇಲ್ಲವಲ್ಲ ಎಂಬ ಆಸೆ ಅವಳ ವಾದದ ಅಡಿಯಲ್ಲಿದೆ. ಸಾರಾ ಸಟನ್ ಅವರಿಗೆ ದೂರದರ್ಶನದಲ್ಲಿ ಆ ದುಃಖವನ್ನು ಆಡಲು ಇಷ್ಟು ಜಾಗ ಎಂದೂ ಸಿಕ್ಕಿರಲಿಲ್ಲ. ಸದ್ದು ಏರಿಸದೆ, ವಿಜ್ಞಾನಿಯ ಹದದಲ್ಲಿಯೇ ಮಾತನಾಡುತ್ತ ಆಕೆ ಅದನ್ನು ಹೇಳುವ ರೀತಿಗೆ ನಾನು ತಲೆಬಾಗುತ್ತೇನೆ.

ಈಗ ಆ ತಿರುವಿಗೆ ಬನ್ನಿ. ಏಡ್ರಿಕ್‌ನನ್ನು ಕೊಂದವರ ಮೈಯೊಳಗಿನ ಅಚ್ಚು ಡಾಕ್ಟರ್‌ರದೇ. ಅವರು ಅಂದು ಹೊರಟುಹೋಗಿದ್ದರೆ ಹಾಗಾಗುತ್ತಿರಲಿಲ್ಲ, ಉಳಿದದ್ದು ನಿಸ್ಸಾಳ ಕರುಣೆಯಿಂದಾಗಿ. ಇದು ನಾಯಕನಿಗೆ ಹೆಚ್ಚು ಮಹತ್ವ ಕೊಡುವ ಉಪಾಯವೆಂದು ನನಗೆ ಅನ್ನಿಸುವುದಿಲ್ಲ. ಒಳ್ಳೆಯ ಉದ್ದೇಶದಿಂದ ನಿಂತವರ ಮೇಲೆಯೇ ಕಥೆ ಹೊರಿಸಿದ ಭಾರ ಅದು.

ಶುಶ್ರೂಷಕಿ:

ನಾನು ಶಿವಮೊಗ್ಗದವಳು, ಬ್ರಿಟನ್ನಿನ ಒಂದು ಆಸ್ಪತ್ರೆಯಲ್ಲಿ ಹಲವು ವರ್ಷಗಳಿಂದ ನರ್ಸ್ ಆಗಿದ್ದೇನೆ. ರಾತ್ರಿ ಪಾಳಿ ಮುಗಿಸಿ ಬಸ್ಸಿನಲ್ಲಿ ಮನೆಗೆ ಹೋಗುವಾಗ ಈ ನಾಟಕವನ್ನು ಕೇಳಿದೆ. ನೀವೆಲ್ಲ ಕಮಿಟಿಯ ಬಗ್ಗೆ, ಡಾಕ್ಟರ್‌ರ ಬಗ್ಗೆ ಬರೆದಿರಿ. ಡಾಕ್ಟರ್‌ಮನ್ (ಮೊಂಡಾಸ್‌ನಲ್ಲಿ ವೈದ್ಯರನ್ನು ಕರೆಯುವುದು ಹೀಗೆ) ಕ್ರಿಸ್ಟೀನ್ ಆಲನ್ ಅವರ ಹೆಸರು ಯಾರ ಬಾಯಲ್ಲೂ ಬರಲಿಲ್ಲ ಎಂಬುದು ನನಗೆ ಆಶ್ಚರ್ಯ ತಂದಿದೆ.

ಸ್ಯಾಲಿ ನೈವೆಟ್ ಅವರು ದನಿ ಕೊಟ್ಟ ಈ ಪಾತ್ರವೇ ನನ್ನ ಮಟ್ಟಿಗೆ ನಾಟಕದ ನಡುಗಂಬ. ಪರಿವರ್ತನೆಯ ತಂತ್ರವನ್ನು ರೂಪಿಸಿದವಳು ಈಕೆ. ತಾನು ಮಾಡುತ್ತಿರುವುದು ಏನೆಂದು ಆಕೆಗೆ ಪೂರ್ತಿ ತಿಳಿದಿದೆ, ಅದನ್ನು ತಾಳಿಕೊಳ್ಳಲು ಕುಡಿಯುತ್ತಾಳೆ, ಮರುದಿನ ಮತ್ತೆ ಅದೇ ಕೆಲಸಕ್ಕೆ ನಿಲ್ಲುತ್ತಾಳೆ. ಆಕೆಗೆ ಕೊಟ್ಟಿರುವ ಮಾತುಗಳಲ್ಲಿ ಕಹಿ ಇದೆ, ಬುದ್ಧಿಯ ಹರಿತವಿದೆ, ಒಮ್ಮೆಯೂ ಖಳನಾಯಕಿಯ ಅಬ್ಬರವಿಲ್ಲ. ಆಕೆಯ ಎದುರಿಗೆ ಸಿಸ್ಟರ್‌ಮನ್ ಕಾನ್‌ಸ್ಟಂಟ್ ಎಂಬ ದಾದಿಯನ್ನು ಇಟ್ಟಿದ್ದಾರೆ. ಆಕೆಗೆ ಯಾವ ಅನುಮಾನವೂ ಇಲ್ಲ, ಮೇಲಿನವರ ಮೇಲೆ ಭಕ್ತಿ ಒಂದೇ. ಇಬ್ಬರಲ್ಲಿ ಯಾರನ್ನು ನೋಡಿ ಹೆದರಬೇಕು ಎಂದು ನನ್ನನ್ನು ಕೇಳಿದರೆ ನಾನು ದಾದಿಯನ್ನೇ ತೋರಿಸುತ್ತೇನೆ. ನನ್ನ ವೃತ್ತಿಯವಳೇ ಎಂಬುದರಿಂದ ಹೆಚ್ಚು ಹೆದರಿಕೆ.

ಒಂದು ಸಂಗತಿ ಹೇಳುತ್ತೇನೆ. ತೀವ್ರ ನಿಗಾ ಘಟಕದಲ್ಲಿ ಪ್ರತಿ ಹಾಸಿಗೆಯ ತಲೆಯ ಬಳಿ ಯಂತ್ರಗಳಿರುತ್ತವೆ, ಪ್ರತಿಯೊಂದಕ್ಕೂ ಎಚ್ಚರಿಕೆಯ ಸದ್ದು. ರಾತ್ರಿ ಎಷ್ಟು ಸದ್ದುಗಳಾಗುತ್ತವೆ ಎಂದರೆ, ಹೊಸಬರಾಗಿ ಬಂದಾಗ ಪ್ರತಿಯೊಂದಕ್ಕೂ ಓಡುವ ನಾವು ಕೆಲವು ತಿಂಗಳಲ್ಲಿ ಕೆಲವನ್ನು ಕೇಳಿಯೂ ಕೇಳದಂತಾಗುತ್ತೇವೆ. ಅದಕ್ಕೆ ನಮ್ಮಲ್ಲಿ ಹೆಸರೇ ಇದೆ, ಎಚ್ಚರಿಕೆಯ ದಣಿವು ಎಂದು. ಅದರ ವಿರುದ್ಧ ನಮಗೆ ತರಬೇತಿ ಕೊಡುತ್ತಾರೆ. ಒಂದು ಮುಂಜಾವು ನಾನು ಒಂದು ಯಂತ್ರದ ಗುಂಡಿ ಒತ್ತಿ ಸದ್ದು ನಿಲ್ಲಿಸಿ, ಅದರ ಪಕ್ಕದಲ್ಲಿ ಮಲಗಿದ್ದ ಹಿರಿಯರ ಮುಖವನ್ನು ನೋಡದೆಯೇ ಎರಡು ಹೆಜ್ಜೆ ನಡೆದುಬಿಟ್ಟಿದ್ದೆ. ಮೂರನೆಯ ಹೆಜ್ಜೆಗೆ ನೆನಪಾಗಿ ತಿರುಗಿದೆ. ಅವರಿಗೆ ಏನೂ ಆಗಿರಲಿಲ್ಲ, ನೀರು ಬೇಕಿತ್ತು ಅಷ್ಟೇ. ಆ ಎರಡು ಹೆಜ್ಜೆಗಳನ್ನು ನಾನು ಮರೆತಿಲ್ಲ.

2017ರ ಜೂನ್‌ನಲ್ಲಿ ದೂರದರ್ಶನದಲ್ಲಿ ಬಂದ ‘ವರ್ಲ್ಡ್ ಇನಫ್ ಅಂಡ್ ಟೈಮ್’ ಕಂತಿನಲ್ಲಿ, ಅರೆಪರಿವರ್ತಿತ ರೋಗಿಯೊಬ್ಬ ‘ನೋವು’ ಎಂಬ ಒಂದೇ ಪದವನ್ನು ಯಂತ್ರದ ದನಿಯಲ್ಲಿ ಮತ್ತೆ ಮತ್ತೆ ಹೇಳುತ್ತಿರುವಾಗ, ದಾದಿ ಬಂದು ಗುಂಡಿ ತಿರುಗಿಸುತ್ತಾಳೆ. ನೋವು ಕಡಿಮೆಯಾಗಿಲ್ಲ, ಸದ್ದು ಮಾತ್ರ ಕಡಿಮೆಯಾಗಿದೆ. ಅದನ್ನು ನೋಡಿದಾಗ ನನಗೆ ಸಿಸ್ಟರ್‌ಮನ್ ಕಾನ್‌ಸ್ಟಂಟ್ ನೆನಪಾದಳು, ನನ್ನ ಎರಡು ಹೆಜ್ಜೆಗಳೂ ನೆನಪಾದವು.

ಮೈಸೂರು ಸ್ವರ:

ಶುಶ್ರೂಷಕಿಯವರೇ, ನೀವು ಬರೆದದ್ದನ್ನು ಓದಿ ಬಹಳ ಹೊತ್ತು ಸುಮ್ಮನೆ ಕುಳಿತೆ. ‘ಸ್ಪೇರ್ ಪಾರ್ಟ್ಸ್’ನಲ್ಲಿ ಭಾವನೆಗಳನ್ನು ಕಿತ್ತುಹಾಕುವುದು ಕ್ರೌರ್ಯಕ್ಕಾಗಿ ಅಲ್ಲ, ಪರಿವರ್ತನೆಗೊಂಡವರು ತಮಗೆ ಏನಾಯಿತೆಂದು ಅರಿತರೆ ಬದುಕುವುದಿಲ್ಲ ಎಂಬ ಕಾರಣಕ್ಕೆ. ಅರಿವಳಿಕೆ ಕೊಡುವ ವೈದ್ಯರ ತರ್ಕವೂ ಹೊರನೋಟಕ್ಕೆ ಇದೇ ಅಲ್ಲವೇ? ಅರಿವಳಿಕೆಯಿಂದ ರೋಗಿಯನ್ನು ಮತ್ತೆ ಎಬ್ಬಿಸುತ್ತಾರೆ ಎಂಬುದೊಂದೇ ವ್ಯತ್ಯಾಸ, ಮತ್ತು ಇಡೀ ನಾಟಕ ನಿಂತಿರುವುದು ಆ ವ್ಯತ್ಯಾಸದ ಮೇಲೆ.

ನೀಲಿಪೆಟ್ಟಿಗೆ:

2006ರ ಮೇ ತಿಂಗಳಲ್ಲಿ ಬಂದ ‘ರೈಸ್ ಆಫ್ ದಿ ಸೈಬರ್‌ಮೆನ್’ ಮತ್ತು ‘ದಿ ಏಜ್ ಆಫ್ ಸ್ಟೀಲ್’ ಎಂಬ ಜೋಡಿ ಕಂತುಗಳನ್ನೂ ಇಲ್ಲಿ ನೆನೆಯಬೇಕು. ಅವನ್ನು ಬರೆದವರು ಟಾಮ್ ಮ್ಯಾಕ್‌ರೇ. ತೆರೆಯ ಮೇಲೆ ಮಾರ್ಕ್ ಪ್ಲಾಟ್ ಅವರಿಗೆ ಕೃತಜ್ಞತೆ ಸಲ್ಲಿಸಲಾಗಿದೆ. ಅಲ್ಲಿ ಮೊಂಡಾಸ್ ಇಲ್ಲ, ಪರ್ಯಾಯ ಭೂಮಿಯಿದೆ. ಬಡ ಗ್ರಹದ ಅನಿವಾರ್ಯತೆಯ ಜಾಗದಲ್ಲಿ ಸಾವಿಗೆ ಹೆದರುವ ಜಾನ್ ಲೂಮಿಕ್ ಎಂಬ ಕೋಟ್ಯಧೀಶನಿದ್ದಾನೆ. ಆದರೂ ಒಂದು ಕ್ಷಣ ‘ಸ್ಪೇರ್ ಪಾರ್ಟ್ಸ್’ನ ಹತ್ತಿರ ಬರುತ್ತದೆ: ಭಾವನೆಗಳನ್ನು ತಡೆಯುವ ಚಿಪ್ ಕೆಟ್ಟುಹೋದ ಸೈಬರ್‌ಮನ್ ಒಂದು ತನ್ನ ಹೆಸರು ಸ್ಯಾಲಿ ಎನ್ನುತ್ತದೆ, ಚಳಿಯಾಗುತ್ತಿದೆ ಎನ್ನುತ್ತದೆ. ಮದುವೆಯ ಹಿಂದಿನ ರಾತ್ರಿ ಎಳೆದುತಂದ ಹುಡುಗಿ ಆಕೆ. ಇವೋನ್‌ಳ ಅಪ್ಪನಂತೆ ಆಕೆಯನ್ನು ಗುರುತಿಸಿ ಹತ್ತಿರ ಕೂರಲು ಅಲ್ಲಿ ಅವಳ ಮನೆಯವರು ಯಾರೂ ಇಲ್ಲ. ಆ ಕೊರತೆಯೇ ನನಗೆ ಧ್ವನಿನಾಟಕವನ್ನು ದೊಡ್ಡದಾಗಿಸುತ್ತದೆ.

ಕಾವೇರಿತೀರ:

ನಾನು ಈ ಮಾಲಿಕೆಗೆ ಹೊಸಬ. ಹಳೆಯ ಕಥೆಗಳನ್ನು ನೋಡದೆ ನೇರವಾಗಿ ‘ಸ್ಪೇರ್ ಪಾರ್ಟ್ಸ್’ ಕೇಳಬಹುದೇ? ಇದು ಹಿಡಿಸಿದರೆ ಸೈಬರ್‌ಮನ್‌ಗಳ ಬೇರೆ ಯಾವ ಧ್ವನಿನಾಟಕ ಕೇಳಬೇಕು?

ಧಾರವಾಡದ ಕೇಳುಗ:

ಕಾವೇರಿತೀರ ಅವರೇ, ನೇರವಾಗಿ ಕೇಳಬಹುದು, ಆದರೆ ಮೊದಲು ‘ಅರ್ಥ್‌ಶಾಕ್’ ನೋಡಿದರೆ ನಿಸ್ಸಾಳ ಪ್ರತಿಯೊಂದು ಮಾತಿಗೂ ಇನ್ನೊಂದು ಪದರ ಬರುತ್ತದೆ. ಆಮೇಲೆ ಮಾರ್ಕ್ ಪ್ಲಾಟ್ ಅವರೇ ಬರೆದ, 2011ರ ‘ದಿ ಸಿಲ್ವರ್ ಟರ್ಕ್’ ಕೇಳಿ. ಎಂಟನೆಯ ಡಾಕ್ಟರ್ ಮತ್ತು ‘ಫ್ರಾಂಕೆನ್‌ಸ್ಟೈನ್’ ಕಾದಂಬರಿಯ ಲೇಖಕಿ ಮೇರಿ ಶೆಲ್ಲಿ 1873ರ ವಿಯೆನ್ನಾ ನಗರಕ್ಕೆ ಹೋಗುತ್ತಾರೆ. ಅಲ್ಲಿನ ವಸ್ತುಪ್ರದರ್ಶನದ ಕಾಲದಲ್ಲಿ ಮೊಂಡಾಸ್‌ನ ಸೈಬರ್‌ಮನ್ ಒಬ್ಬ ಆಟವಾಡಿ ರಂಜಿಸುವ ಯಂತ್ರವಾಗಿ ಜನರ ಮುಂದೆ ಕುಳಿತಿರುತ್ತಾನೆ. ಹೊಲಿದು ಜೋಡಿಸಿದ ಜೀವಿಯ ಕಥೆಯನ್ನು ಬರೆದಾಕೆಯೇ ಅವನನ್ನು ಎದುರುಗೊಳ್ಳುತ್ತಾಳೆ ಎಂಬುದು ನನಗೆ ಬಹಳ ಹಿಡಿಸಿತು. ನಿಕೊಲಸ್ ಬ್ರಿಗ್ಸ್ ಅವರ 2001ರ ‘ಸ್ವೋರ್ಡ್ ಆಫ್ ಓರಿಯನ್’ ಕತ್ತಲ ಹಡಗಿನಲ್ಲಿ ನಡೆಯುವ ಬೆನ್ನಟ್ಟುವಿಕೆಯ ಕಥೆ. ರೋಮಾಂಚನ ಬೇಕಾದಾಗ ಕೇಳಬಹುದು.

ನೀಲಿಪೆಟ್ಟಿಗೆ ಅವರೇ, ಏಡ್ರಿಕ್‌ನ ಸಾವಿನ ಪಕ್ಕದಲ್ಲಿಟ್ಟು ನೋಡಬೇಕೆಂಬ ನಿಮ್ಮ ಮಾತನ್ನು ಎರಡು ದಿನ ಯೋಚಿಸಿದೆ. ನಿಸ್ಸಾ ಮತ್ತು ಡಾಕ್ಟರ್‌ರ ಕಥೆಯಾಗಿ ನೋಡಿದರೆ ಆ ತಿರುವು ಸರಿಯಾದದ್ದು ಎಂದು ಒಪ್ಪುತ್ತೇನೆ. ಹಾರ್ಟ್ಲಿ ಕುಟುಂಬದ ಕಥೆಯಾಗಿ ನೋಡಿದರೆ ನನ್ನ ಆಕ್ಷೇಪ ಇನ್ನೂ ಹಾಗೆಯೇ ಇದೆ. ಇವೋನ್‌ಳನ್ನು ಕರೆದೊಯ್ದಾಗ ಡಾಕ್ಟರ್‌ರ ಮೆದುಳಿನ ಅಚ್ಚು ಯಾರ ಕೈಗೂ ಸಿಕ್ಕಿರಲಿಲ್ಲ. ಆಕೆಯನ್ನು ಕೊಂಡೊಯ್ದದ್ದು ಗ್ರಹವನ್ನು ಚೆರಿಬೌಲ್ ನೆಬ್ಯುಲಾ ಎಂಬ ಬಾಹ್ಯಾಕಾಶದ ಅನಿಲಮೋಡದಿಂದ ಪಾರುಮಾಡಲು ಹೊರಮೈಯಲ್ಲಿ ಆಳು ಬೇಕಾಗಿದ್ದ ಕಾರಣ, ಮತ್ತು ಹಾಗೆ ಕರೆದಾಗ ಹೋಗಲೇಬೇಕೆಂದು ಬೀದಿಗೆ ಬೀದಿಯೇ ನಂಬಿದ್ದ ಕಾರಣ. ಖಳರು ಯಾರೆಂದು ಬಾನುಲಿಪ್ರಿಯೆ ಅವರು ಕೇಳಿದ್ದಕ್ಕೆ ನನ್ನ ಉತ್ತರ ಆ ನಂಬಿಕೆಯೊಳಗಿದೆ. ಆ ಬೀದಿಯವರೆಲ್ಲ ಒಳ್ಳೆಯವರೇ.

ಶುಶ್ರೂಷಕಿ:

ಧಾರವಾಡದ ಕೇಳುಗರ ಈ ಮಾತನ್ನು ನಾನು ಒಪ್ಪುತ್ತೇನೆ. ಅಂಗಾಂಗಗಳನ್ನು ಕದ್ದು ಮಾರುವ ಥಾಮಸ್ ಡಾಡ್‌ನನ್ನೂ ಸೇರಿಸಿಕೊಳ್ಳಿ. ಡೆರೆನ್ ನೆಸ್ಬಿಟ್ ಅವರ ದನಿಯಲ್ಲಿ ಅವನು ಎಷ್ಟು ಲವಲವಿಕೆಯ ವ್ಯಾಪಾರಿ! ಕೊನೆಗೆ ಅವನೂ ಅದೇ ಯಂತ್ರದೊಳಗೆ ಹೋಗುತ್ತಾನೆ.

ಬಾನುಲಿಪ್ರಿಯೆ:

ಎಲ್ಲರಿಗೂ ಧನ್ಯವಾದಗಳು. ಮೈಸೂರು ಸ್ವರ ಅವರು ‘ಅಪ್ಪಾ’ ಎಂಬ ಪದದ ಬಗ್ಗೆ ಬರೆದದ್ದನ್ನು ಓದಿದ ಮೇಲೆ ನಿನ್ನೆ ರಾತ್ರಿ ಆ ದೃಶ್ಯವನ್ನು ಮತ್ತೆ ಕೇಳಿದೆ, ಈ ಸಲ ಕೆಲಸವೆಲ್ಲ ಮುಗಿಸಿ, ದೀಪ ಆರಿಸಿ. ಮೊದಲ ಸಲ ನನ್ನ ಗಮನವೆಲ್ಲ ಇವೋನ್‌ಳ ಬದಲಾದ ದನಿಯ ಮೇಲೆಯೇ ಇತ್ತು. ಈ ಸಲ ಪಾಲ್ ಕೋಪ್ಲಿ ಅವರ ದನಿಯನ್ನು, ಅಂದರೆ ಅಪ್ಪನ ದನಿಯನ್ನು ಮಾತ್ರ ಹಿಂಬಾಲಿಸಿದೆ. ಬಂದವಳು ಮಗಳೆಂದು ತಿಳಿದ ಮೇಲೆ ಅವನು ಆ ಲೋಹದ ಮೈಯೊಂದಿಗೆ ಮಗಳೊಂದಿಗೆ ಮಾತನಾಡುವ ಹಾಗೆಯೇ ಮಾತನಾಡುತ್ತಾನೆ. ಏರಿಳಿತವೆಲ್ಲ ಅವನ ಮಾತಿನಲ್ಲಿದೆ, ಇಬ್ಬರ ಪಾಲಿನದನ್ನೂ ಅವನೊಬ್ಬನೇ ಆಡುತ್ತಿದ್ದಾನೇನೋ ಎಂಬಂತೆ.

ನಾಳೆ ನಮ್ಮ ತಂದೆಯವರಿಗೆ ಇದರ ಕಥೆ ಹೇಳಬೇಕೆಂದಿದ್ದೇನೆ. ಇಂಗ್ಲಿಷ್ ಸಂಭಾಷಣೆ ಅವರಿಗೆ ವೇಗವಾಯಿತೆನಿಸಬಹುದು, ಆದರೆ ಆ ಒಂದು ದೃಶ್ಯವನ್ನಾದರೂ ಜೊತೆಯಲ್ಲಿ ಕುಳಿತು ಕೇಳಿಸುತ್ತೇನೆ.